ರೊಟ್ಟಿ ಇರುವ ತನಕ ಸಮುದ್ರ

ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಬರೆಯಲು ಹೊರಟಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಇತಿಹಾಸ ಪಾಠ ಮಾಡುವವಳು. ಬೇರೆಯವರ ನೆನಪುಗಳನ್ನು ಸಂಶಯದಿಂದ ನೋಡಬೇಕೆಂದು ನನಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ನನ್ನ ನೆನಪನ್ನೂ ಹಾಗೆಯೇ ನೋಡಬೇಕೆಂಬುದನ್ನು ಮದುವೆಯಾದ ಮೇಲೆ ಕಲಿತೆ. ನಾವು ಸಮುದ್ರ ನೋಡಲು ಹೋದದ್ದು ಎರಡು ಸಾವಿರದ ಇಸವಿಗಿಂತ ಮುಂಚೆ ಎಂದು ನನ್ನ ನೆನಪು. ಆಮೇಲೆ ಎಂದು ನಮ್ಮವರ ವಾದ. ವಾಡಿಯಲ್ಲಿ ರೈಲು ಹತ್ತಿದೆವು ಎಂದು ನಾನು. ಗುಲ್ಬರ್ಗದಿಂದ ಹುಬ್ಬಳ್ಳಿ ಬಸ್ಸು ಎಂದು ಅವರು. ಅತ್ತೆಯನ್ನು ಕೇಳಿದರೆ, "ಹೋಗಿದ್ದು ಖರೆ, ಬಂದಿದ್ದು ಖರೆ. ನಡುವಿಂದು ತಗೊಂಡು ಏನ್ ಮಾಡ್ತೀರಿ" ಎನ್ನುತ್ತಾರೆ. ಆ ದಿನಗಳಲ್ಲಿ ನಾನು ತಪ್ಪದೆ ದಿನಚರಿ ಬರೆಯುತ್ತಿದ್ದೆ. ಈಗ ತೆಗೆದು ನೋಡಿದರೆ ಪುಟದ ತುಂಬ ಅಲೆಗಳ ವರ್ಣನೆ. 'ಅನಂತ' ಎಂಬ ಶಬ್ದವನ್ನು ಎಷ್ಟು ಸಲ ಬಳಸಿದ್ದೇನೆಂದರೆ ಓದುವಾಗ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ. ರೊಟ್ಟಿಯ ಬಗ್ಗೆ ಒಂದು ಸಾಲೂ ಇಲ್ಲ. ಇಷ್ಟು ವರ್ಷಗಳ ಮೇಲೆ ಅಲೆಗಳೆಲ್ಲ ಒಂದೇ ತರಹ ಕಾಣುತ್ತವೆ. ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವುದು ರೊಟ್ಟಿಯೇ.

ಸಮುದ್ರದ ಹುಚ್ಚು ನನಗೆ ಹತ್ತಿದ್ದು ಒಂದು ಅವಮಾನದಿಂದ. ಆಗ ನಾನು ದಿನಾಲು ಶಹಾಬಾದಿನಿಂದ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ಕಾಲೇಜೊಂದರಲ್ಲಿ ಪಾಠ ಮಾಡಿ ಬರುತ್ತಿದ್ದೆ. ಒಂದು ದಿನ ಪೋರ್ಚುಗೀಸರು ಹಡಗಿನಲ್ಲಿ ಬಂದಿಳಿಯುವುದನ್ನು ಕೈಬಾಯಿ ತಿರುವಿ ವರ್ಣಿಸುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಸಮುದ್ರ ಖರೇವಂದ್ರ ಹ್ಯಾಂಗಿರ್ತದ್ರಿ? ನೀವು ನೋಡೀರೇನ್ರಿ?" ಎಂದಳು. "ಭಾಳ ದೊಡ್ಡದಿರ್ತದ" ಎಂದು ಹೇಳಿ ಹಲಗೆಯ ಕಡೆ ತಿರುಗಿದೆ. ಹಿಂದಿನ ಬೆಂಚಿನಿಂದ ಇನ್ನೊಬ್ಬಳು, "ಚಂದ್ರಂಪಳ್ಳಿ ಡ್ಯಾಮಿಗಿಂತ ದೊಡ್ಡದೇನ್ರಿ?" ಎಂದಳು. ಆ ಹೊತ್ತಿನ ತನಕ ನಾನು ಕಣ್ಣಾರೆ ಕಂಡಿದ್ದ ಅತಿ ದೊಡ್ಡ ನೀರು ಚಂದ್ರಂಪಳ್ಳಿಯದೇ ಆಗಿತ್ತು. ಅವತ್ತು ಮನೆಗೆ ಬಂದು ನಮ್ಮವರಿಗೆ, ಈ ಬೇಸಿಗೆಯಲ್ಲಿ ಸಮುದ್ರ ತೋರಿಸದಿದ್ದರೆ ನಾನು ಪೋರ್ಚುಗೀಸರನ್ನು ಭಾರತಕ್ಕೆ ಬರಲು ಬಿಡುವುದಿಲ್ಲ ಎಂದು ಹೇಳಿಬಿಟ್ಟೆ.

ನಮ್ಮವರ ಕಚೇರಿಯಲ್ಲಿ ಅಂಕೋಲಾ ಕಡೆಯ ನಾಯಕರೆಂಬುವರಿದ್ದರು. ಮಧ್ಯಾಹ್ನ ಎಲ್ಲರೂ ರೊಟ್ಟಿಯ ಗಂಟು ಬಿಚ್ಚಿದಾಗ ಅವರು ಅನ್ನದ ಡಬ್ಬಿ ಬಿಚ್ಚಿ, ಏನೋ ತಪ್ಪು ಮಾಡಿದವರಂತೆ ಕಿಟಕಿಯ ಪಕ್ಕ ಕೂರುತ್ತಿದ್ದರಂತೆ. ಸಮುದ್ರದ ದಂಡೆಯ ಮೇಲಿನ ಒಂದು ಸಣ್ಣ ಹಳ್ಳಿಯಲ್ಲಿ ಅವರದೊಂದು ಹಂಚಿನ ಮನೆ ಇತ್ತು. ಬೇಸಿಗೆಯಲ್ಲಿ ಬೀಗ ಹಾಕಿಯೇ ಇರುತ್ತದೆ, ಹೋಗಿ ಎಷ್ಟು ದಿನ ಬೇಕಾದರೂ ಇರಿ ಎಂದು ಕೀಲಿ ಕೊಟ್ಟರು. ನಮ್ಮವರಿಗೆ ಹದಿನೈದು ದಿನದ ರಜೆಯೂ ಸಿಕ್ಕಿತು. ಇನ್ನು ಉಳಿದದ್ದು ಅತ್ತೆ.

ನಮ್ಮ ಅತ್ತೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅವರ ತವರು ಸೇಡಂ ತಾಲ್ಲೂಕಿನ ಆಡಕಿ. ಬೆಳಿಗ್ಗೆ ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟುವವರಲ್ಲ. ಹೋಟೆಲಿನ ಮೆಟ್ಟಿಲು ಹತ್ತಿದವರೇ ಅಲ್ಲ. ಗುಲ್ಬರ್ಗಕ್ಕೆ ಆಸ್ಪತ್ರೆಗೆ ಹೋದಾಗಲೂ ಮನೆಯ ನೀರು, ಮನೆಯ ಬುತ್ತಿ. ಮೀನು ಮಾಂಸದ ಅಡುಗೆಯಾಗುವ ಓಣಿಯಲ್ಲಿ ಹಾಯುವಾಗ ಸೆರಗು ಮೂಗಿಗೆ ಹೋಗುತ್ತದೆ. ಇದೆಲ್ಲದರ ಮೇಲೆ, ಅವರ ಕೈಯ ಕಡಕ್ ರೊಟ್ಟಿಗೆ ಶಹಾಬಾದಿನಲ್ಲಿ ಹೆಸರಿತ್ತು. ಮದುವೆ ಮುಂಜಿಗೆ ಪಕ್ಕದ ಭಂಕೂರದಿಂದ ಹೆಣ್ಣುಮಕ್ಕಳು ಬಂದು, "ಅವ್ವಾರ, ಜರಾ ಬಂದು ಹಿಟ್ಟಿಗಿ ಕೈ ಹಚ್ಚಿ ಹೋಗ್ರಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಕಾಗದದಷ್ಟು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಆ ರೊಟ್ಟಿ ನಮ್ಮೂರಿನ ಹವೆಗೆ ತಿಂಗಳಾದರೂ ಹಾಗೆಯೇ ಇರುತ್ತದೆ. ಹಾಗೆ ನೋಡಿದರೆ ನಮ್ಮೂರಿನಲ್ಲಿ ಬೇಸಿಗೆಗೆ ಎಲ್ಲವೂ ಕಡಕ್ ಆಗುತ್ತದೆ. ನೆಲ ಫರ್ಶಿ ಕಲ್ಲು, ಕಟ್ಟೆ ಫರ್ಶಿ ಕಲ್ಲು, ತಲೆಯ ಮೇಲಿನ ಮಾಳಿಗೆಯೂ ಅದೇ ಕಲ್ಲು. ಒಗೆದು ಹಾಕಿದ ಪಂಚೆಯನ್ನು ತರಲು ಹೋದರೆ ಅದು ತನ್ನಷ್ಟಕ್ಕೆ ನಿಂತುಕೊಂಡಿರುತ್ತದೆ.

"ಸಮುದ್ರ ನೋಡಿ ಏನ್ ಮಾಡ್ತೀ ಯವ್ವಾ?" ಎಂದು ಅತ್ತೆ ಕೇಳಿದರು. "ಅಷ್ಟು ನೀರಿದ್ದೂ ಒಂದ್ ಗುಟುಕು ಕುಡಿಯಾಕ ಬರಂಗಿಲ್ಲಂತ. ಅಂಥಾದ್ದು ಇದ್ದರೇನು, ಇಲ್ಲದಿದ್ದರೇನು."

"ನೀವೂ ಬರ್ರಿ ಅತ್ತಿ. ಹವಾ ಬದಲಾಗ್ತದ" ಎಂದೆ.

"ನನ್ನ ಹವಾಕ್ಕ ಏನಾಗೇದ?" ಎಂದು ಒಂದು ದಿನ ಮಾತು ಬಿಟ್ಟು, ಮರುದಿನ ತಮ್ಮ ಷರತ್ತು ಮುಂದಿಟ್ಟರು. "ಬರ್ತೀನಿ. ಆದ್ರ ಅವರ ಊರಾಗ ಮೂರೂ ಹೊತ್ತು ಅನ್ನ ಅಂತ. ಅದೇನು ಊಟೇನು, ಜ್ವರ ಬಂದವರ ಪಥ್ಯ. ನಾ ರೊಟ್ಟಿ ಕಟ್ಕೊಂಡು ಬರ್ತೀನಿ. ರೊಟ್ಟಿ ಇರೋತನಕ ಸಮುದ್ರ. ರೊಟ್ಟಿ ತೀರಿದ ದಿನ ಬಸ್ ಹತ್ತೋದು. ಒಪ್ಪಿಗಿ ಇದ್ರ ಹೇಳ್ರಿ."

ಒಪ್ಪಿದೆವು. ಒಪ್ಪದೆ ಏನು ಮಾಡುವುದು? ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಹದಿನೈದು ದಿನಕ್ಕೆ ಸಾಲುವಷ್ಟು ರೊಟ್ಟಿಯಾಗುವ ತನಕ ಜೋಳದ ಹಿಟ್ಟು ಬೀಸಿಸಿಕೊಂಡು ಬಂದು ಸುರಿಯುತ್ತಲೇ ಇದ್ದೆ. ಬಿದಿರಿನ ಬುಟ್ಟಿಯಲ್ಲಿ ಹಳೆಯ ಧೋತರ ಹಾಸಿ, ರೊಟ್ಟಿ ಪೇರಿಸಿ, ಮೇಲೆ ಇನ್ನೊಂದು ಧೋತರ ಮುಚ್ಚಿ ಕಟ್ಟಿದರು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯ ಪುಡಿಗಳು ಬೇರೆ ಬೇರೆ ಡಬ್ಬಿಯಲ್ಲಿ. ಹುಬ್ಬಳ್ಳಿಯಿಂದ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಅತ್ತೆ ಸೀಟಿನ ತುದಿಯಲ್ಲಿ ಕೂತು ಬುಟ್ಟಿಗೆ ಕಿಟಕಿಯ ಜಾಗ ಕೊಟ್ಟಿದ್ದರು. ಹೀಗಾಗಿ ಘಟ್ಟದ ಕಾಡನ್ನು ನಮ್ಮ ಪೈಕಿ ಸರಿಯಾಗಿ ನೋಡಿದ್ದು ರೊಟ್ಟಿಯೊಂದೇ.

ಸಮುದ್ರವನ್ನು ಮೊದಲು ಕಂಡ ಗಳಿಗೆಯಲ್ಲಿ ನನಗೆ ಅಳು ಬಂತು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಬಂದಿರಲಿಕ್ಕಿಲ್ಲ. ಕಣ್ಣಿಗೆ ಉಸುಕು ಹೋಗಿತ್ತು. ನಮ್ಮವರು ಪ್ಯಾಂಟು, ಬೂಟು, ಕಾಲುಚೀಲಗಳ ಸಮೇತ ಕೊಡೆ ಹಿಡಿದು ನಿಂತು, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಎಡಬಲ ನೋಡಿದರು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಇದರ ಕಟ್ಟಿ ಯಾವ ಕಡಿ ಅದ?" ಎಂದು ಕೇಳಿದರು.

"ಇದಕ್ಕ ಕಟ್ಟಿ ಇರಂಗಿಲ್ಲ ಯವ್ವ" ಎಂದರು ನಮ್ಮವರು.

"ಕಟ್ಟಿ ಇಲ್ದ ನೀರು ನಿಂತದ?" ಎಂದು ಅತ್ತೆ ಮಗನನ್ನು ಅಪನಂಬಿಕೆಯಿಂದ ನೋಡಿ, ಸಮುದ್ರಕ್ಕೆ ಬೆನ್ನು ಮಾಡಿ ಉಸುಕಿನ ಮೇಲೆ ಕೂತರು.

ಮರುದಿನ ಮಧ್ಯಾಹ್ನ ಅನಾಹುತ ಗೊತ್ತಾಯಿತು. ಅತ್ತೆ ಬುಟ್ಟಿ ಬಿಚ್ಚಿ ಒಂದು ರೊಟ್ಟಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಮುರಿದರು. ಸಪ್ಪಳ ಬರಲಿಲ್ಲ. ರೊಟ್ಟಿ ಮಡಚಿಕೊಂಡಿತು. ಅತ್ತೆ ಅದನ್ನು ಇನ್ನೊಮ್ಮೆ ಮಡಚಿದರು. ಇಸ್ತ್ರಿ ಮಾಡಿದ ಕರವಸ್ತ್ರದ ಹಾಗೆ ಅದು ನಾಲ್ಕು ಪದರವಾಗಿ ಅವರ ಅಂಗೈಯಲ್ಲಿ ಕೂತಿತು. ಸಮುದ್ರದ ಗಾಳಿಯ ಹಸಿ ಒಂದೇ ರಾತ್ರಿಗೆ ಬುಟ್ಟಿಯ ತಳದವರೆಗೂ ಇಳಿದಿತ್ತು. ಅತ್ತೆಯ ಮುಖ ನೋಡಲಾಗಲಿಲ್ಲ. ಮಗ ಮೆಟ್ರಿಕ್ ನಪಾಸಾದ ದಿನವೂ ಅವರು ಹಾಗೆ ಕೂತಿರಲಿಲ್ಲವಂತೆ, ನಮ್ಮವರೇ ಹೇಳಿದ್ದು.

"ಮೆತ್ತಗಾದ್ರೇನು ಯವ್ವ, ರೊಟ್ಟಿ ರೊಟ್ಟಿನೇ ಅಲ್ಲೇನು" ಎಂದರು ಅವರು.

"ರೊಟ್ಟಿ ಅಲ್ಲಿದು. ಪಾಟಿ ಒರಸೋ ಅರಿವಿ" ಎಂದರು ಅತ್ತೆ. "ನಾಡಿದ್ದು ಹೋಗಮು ನಡಿ."

ನಾನು ಆ ಹೊತ್ತಿಗೆ ಸಮುದ್ರವನ್ನು ಸರಿಯಾಗಿ ಒಂದೂವರೆ ದಿನ ಕೂಡ ನೋಡಿರಲಿಲ್ಲ. ಬೇಸಿಗೆಯೆಂದರೆ ನನಗೆ ಮದುವೆಯಾದಂದಿನಿಂದ ಸಂಬಂಧಿಕರ ಲಗ್ನ, ಉತ್ತರಪತ್ರಿಕೆ, ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲುವುದು. ಇಂಥ ಹದಿನೈದು ದಿನ ಇನ್ನೊಮ್ಮೆ ಸಿಗುವುದಿಲ್ಲವೆಂದು ಗೊತ್ತಿತ್ತು, ಸಿಗಲೂ ಇಲ್ಲ. ಸೀಮೆಎಣ್ಣೆ ಸ್ಟೋವಿನ ಮೇಲೆ ಹಂಚು ಇಟ್ಟು ರೊಟ್ಟಿಗಳನ್ನು ಒಂದೊಂದಾಗಿ ಬಿಸಿ ಮಾಡಿದೆ. ಕಡಕ್ ಆದವು, ಆದರೆ ಸೀಮೆಎಣ್ಣೆಯ ವಾಸನೆ ಹಿಡಿಯಿತು. ಅಂಗಳದಲ್ಲಿ ಬಿಸಿಲಿಗೆ ಹರವಿದೆ. ಕಾಗೆಗಳು ಬಂದವು, ಸಂಜೆಗೆ ರೊಟ್ಟಿ ಮತ್ತೆ ಬಟ್ಟೆಯಾಯಿತು. ನಮ್ಮ ಮನೆಯಾಗಿದ್ದರೆ ಮಾಳಿಗೆಗೆ ಒಯ್ದು ಹಾಕಬಹುದಿತ್ತು. ಇಲ್ಲಿ ಇಳಿಜಾರು ಹಂಚಿನ ಮೇಲೆ ರೊಟ್ಟಿ ಇಟ್ಟರೆ ಜಾರುಬಂಡಿ.

ಈ ಸಂಭ್ರಮವನ್ನು ಬೇಲಿಯಾಚೆಯಿಂದ ಒಬ್ಬಾಕೆ ನೋಡುತ್ತಿದ್ದಳು. ನಾಗವೇಣಿ ಎಂದು ಹೆಸರು. ಗಂಡ ದೋಣಿಗೆ ಹೋಗುತ್ತಿದ್ದ. ಈಕೆ ಬೆಳಿಗ್ಗೆ ಮೀನು ಮಾರಿ ಬಂದು, ಆಮೇಲೆ ಇಡೀ ದಿನ ಮಾತಿಗೆ ಯಾರಾದರೂ ಸಿಗುತ್ತಾರೆಯೇ ಎಂದು ಕಾಯುವವಳು. "ಅಲ್ಲ ಅಮ್ಮಾ, ಇಷ್ಟು ದೊಡ್ಡ ಹಪ್ಪಳ ಎಂತಕ್ಕೆ ಮಾಡ್ತ್ರಿ ನಿಮ್ಮ ಬದಿಗೆ?" ಎಂದು ಕೇಳಿದಳು.

"ಹಪ್ಪಳ ಅಲ್ಲವಾ ತಾಯಿ, ರೊಟ್ಟಿ" ಎಂದರು ಅತ್ತೆ, ಗೌರವಕ್ಕೆ ಧಕ್ಕೆ ಬಂದ ದನಿಯಲ್ಲಿ.

"ರೊಟ್ಟಿ ಹೌದಾ? ಮತ್ತೆ ಇದನ್ನ ಉಡೂದೋ, ತಿಂಬೂದೋ?" ಎಂದು ಒಂದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ತೋರಿಸಿ ನಕ್ಕಳು. ಆಮೇಲೆ ಅತ್ತೆಯ ಮುಖ ನೋಡಿ ನಗು ನಿಲ್ಲಿಸಿ, ತನ್ನ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಮಳೆಗಾಲಕ್ಕೂ ಏನೂ ಆಗುವುದಿಲ್ಲ, ತಾನು ಎಲ್ಲವನ್ನೂ ಅಲ್ಲಿಯೇ ಇಡುವುದು ಎಂದಳು. 'ಎಲ್ಲವೂ' ಎಂದರೆ ಏನೆಂದು ಗಾಳಿಯೇ ಹೇಳುತ್ತಿತ್ತು. ಅತ್ತೆಯ ಸೆರಗು ಮೂಗಿಗೆ ಹೋಯಿತು. "ಬ್ಯಾಡವಾ. ನಾವು ನಾಡಿದ್ದು ಹೊಂಟೀವಿ" ಎಂದು ಒಳಗೆ ನಡೆದರು.

ಅವತ್ತು ಸಂಜೆ ಕೊನೆಯ ಸಲ ಎಂಬಂತೆ ದಂಡೆಗೆ ಹೋದೆವು. ನಾನು ನೀರಿನಲ್ಲಿ ಮೊಣಕಾಲಿನ ತನಕ ಇಳಿದು ನಿಂತು, ಮುಂದಿನ ವರ್ಷ ಹುಡುಗಿಯರಿಗೆ ಹೇಳಲು ಬೇಕಾದಷ್ಟನ್ನಾದರೂ ಬಾಯಿಪಾಠ ಮಾಡಿಕೊಳ್ಳೋಣವೆಂದು ಗಮನವಿಟ್ಟು ನೋಡಿದೆ. ತಿರುಗಿದಾಗ ಅತ್ತೆ ಸಮುದ್ರಕ್ಕೆ ಮುಖ ಮಾಡಿ ಕೂತಿದ್ದರು. ಒಂದು ಅಲೆ ಬಂದು ಅವರ ಪಾದ ತೋಯಿಸಿ ಹೋಯಿತು. ಅತ್ತೆ ಸೀರೆಯ ನಿರಿಗೆ ಎತ್ತಿಕೊಂಡು ಹಿಂದೆ ಸರಿಯುತ್ತಾರೆಂದುಕೊಂಡೆ. ಅವರು ಒಂದು ಮೊಳ ಮುಂದೆ ಸರಿದು ಕೂತರು. ಅವರ ತುಟಿ ಅಲುಗುತ್ತಿತ್ತು, ಏನೋ ಮಾತಾಡುತ್ತಿದ್ದರು. ಮಂತ್ರವಿರಬೇಕು ಎಂದುಕೊಂಡೆ. ಇದು ನಾನು ಕಂಡದ್ದೋ, ಆಮೇಲೆ ಸೇರಿಸಿಕೊಂಡದ್ದೋ, ಪ್ರಮಾಣ ಮಾಡಿ ಹೇಳಲಾರೆ.

ಮರುದಿನ ಊಟದ ಹೊತ್ತಿಗೆ ಅತ್ತೆ ನನ್ನ ತಾಟಿನಲ್ಲಿ ಒಂದು ರೊಟ್ಟಿ ಇಟ್ಟರು. ಮುರಿದೆ. ಕಟಕ್ ಎಂದಿತು. ಅಷ್ಟು ಹಿತವಾದ ಸಪ್ಪಳವನ್ನು ನಾನು ಆ ಊರಿನಲ್ಲಿ ಕೇಳಿರಲಿಲ್ಲ. "ಹ್ಯಾಂಗ ಮಾಡಿದ್ರಿ ಅತ್ತಿ?" ಎಂದೆ.

"ಬಿಸಿಲಿಗಿ ಇಟ್ಟಿದ್ದೆ."

"ಬುಟ್ಟಿ ಎಲ್ಲಿ ಅದ?"

"ನೀ ಸಮುದ್ರ ನೋಡಾಕ ಬಂದೀದಿ, ಸಮುದ್ರ ನೋಡು. ರೊಟ್ಟಿ ನಾ ನೋಡ್ತೀನಿ."

ನಾನು ವಿಧೇಯ ಸೊಸೆ. ಸಮುದ್ರ ನೋಡಿದೆ. ರೊಟ್ಟಿಗೆ ಸ್ವಲ್ಪ ಹೊಗೆಯ ವಾಸನೆ ಇತ್ತು. ಬಿಸಿಲಿಗೆ ಹೊಗೆಯ ವಾಸನೆ ಎಲ್ಲಿಂದ ಬರುತ್ತದೆ ಎಂದು ಎಂ.ಎ. ಓದಿದವಳು ಯೋಚಿಸಬೇಕಾಗಿತ್ತು. ಆದರೆ ನಾಡಿದ್ದಿನ ಬಸ್ಸು ತಪ್ಪಿದ ಸಂತೋಷದಲ್ಲಿ ನನ್ನ ತಲೆ ಬೇರೆಯೇ ಲೆಕ್ಕದಲ್ಲಿ ತೊಡಗಿತ್ತು. ಕಡಕ್ ಆದ ಮಾತ್ರಕ್ಕೆ ರೊಟ್ಟಿ ತೀರದೆ ಇರುತ್ತದೆಯೇ? ಸೀಮೆಎಣ್ಣೆ ಹಿಡಿದದ್ದು, ಕಾಗೆ ತಿಂದದ್ದು ಹೋದಮೇಲೆ ಉಳಿದದ್ದು ರಜೆ ಮುಗಿಯುವ ತನಕ ಬರುವುದಿಲ್ಲ. ಆದ್ದರಿಂದ ನಾನು ರೊಟ್ಟಿ ತಿನ್ನುವುದನ್ನೇ ಬಿಟ್ಟೆ. "ನನಗ ಯಾಕೋ ಈ ಊರಿನ ಕುಚ್ಚಿಗಿ ಅನ್ನ ಭಾಳ ಸೇರ್ಲಿಕತ್ತದ" ಎಂದು ಹೇಳಿ, ಗಂಟಲಲ್ಲಿ ಇಳಿಯದ ದಪ್ಪ ಕೆಂಪು ಅಕ್ಕಿಯನ್ನು ಸಾರಿನಲ್ಲಿ ಮುಳುಗಿಸಿ ನುಂಗುತ್ತಿದ್ದೆ. ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿ, ನನ್ನ ಪಾಲಿನ ರೊಟ್ಟಿಯನ್ನು ಎತ್ತಿಡುತ್ತಿದ್ದರು. ನಮ್ಮವರಿಗೂ ಹಸಿವು ಕಡಿಮೆಯಾಗಿತ್ತು. ಹಿಂದಿನ ದಿನದ ಪತ್ರಿಕೆ ಓದಲು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿಬರುತ್ತಿದ್ದ ಅವರು, ಮನೆಗೆ ಬಂದು ಅರ್ಧ ರೊಟ್ಟಿ ಮುರಿದು, "ಸಾಕು, ಸಮುದ್ರದ ಗಾಳಿಗಿ ಹೊಟ್ಟಿ ತುಂಬ್ತದ" ಎನ್ನುತ್ತಿದ್ದರು.

ಇದೆಲ್ಲ ಸರಿ. ಆದರೆ ಅತ್ತೆ ರಾತ್ರಿ ಒಂದು ಲೋಟ ಹಾಲು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ನಾವು ಊಟಕ್ಕೆ ಕೂತಾಗ ಬಡಿಸಿ, "ನನಗ ಆಮ್ಯಾಲ" ಎನ್ನುವರು. ಆಮೇಲೆ ಕೇಳಿದರೆ, "ಹೊಟ್ಟಿ ಭಾರ ಅದ. ಜರಾ ಗಾಳಿಗಿ ಹೋಗಿ ಬರ್ತೀನಿ" ಎಂದು ಹೊರಟುಬಿಡುವರು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ನನ್ನ ಸಮುದ್ರ ನನಗೆ ಕಹಿಯಾಗತೊಡಗಿತು. ಅರವತ್ತು ದಾಟಿದ ಹೆಂಗಸು, ಮನೆಯ ಹೊರಗೆ ನೀರು ಮುಟ್ಟದವರು, ನನ್ನ ಹುಚ್ಚಿಗಾಗಿ ಇಲ್ಲಿಗೆ ಬಂದು ಉಪವಾಸ ಬೀಳುತ್ತಿದ್ದಾರೆ. ನಾನೋ ನೀರಿನಲ್ಲಿ ನಿಂತು ಅನಂತದ ಬಗ್ಗೆ ಯೋಚಿಸುತ್ತಿದ್ದೇನೆ. ನಮ್ಮವರಿಗೆ ಹೇಳಿದೆ. "ಅವ್ವ ಸೊರಗಿದಂಗ ಕಾಣಂಗಿಲ್ಲಲ್ಲ" ಎಂದರು. ಗಂಡಸರಿಗೆ ಏನು ಕಾಣುತ್ತದೆ? ಇಡೀ ಮಧ್ಯಾಹ್ನ ನನ್ನೊಳಗೆ ನಾನೇ ಜಗಳವಾಡಿ, ಸಂಜೆ ಮನಸ್ಸು ಕಲ್ಲು ಮಾಡಿಕೊಂಡು ಅತ್ತೆಯ ಪಕ್ಕ ಉಸುಕಿನಲ್ಲಿ ಹೋಗಿ ಕೂತೆ.

"ಅತ್ತಿ, ಸಾಕು. ನಾಳಿಗೆ ಊರಿಗಿ ಹೋಗಮು."

ಅತ್ತೆ ಅಲೆಗಳಿಂದ ಕಣ್ಣು ತೆಗೆಯಲಿಲ್ಲ. "ಯಾಕ?"

"ನೀವು ಏನೂ ತಿನ್ನವಲ್ಲಿರಿ. ನನಗ ನೋಡಾಕ ಆಗವಲ್ದು."

"ರೊಟ್ಟಿ ಇನ್ನಾ ಅವಲ್ಲ" ಎಂದರು ಅತ್ತೆ. "ಮಾತು ಅಂದ್ರ ಮಾತು. ರೊಟ್ಟಿ ಇರೋತನಕ ಅಂದಿದ್ದೆ. ರೊಟ್ಟಿ ಇಟ್ಕೊಂಡು ಎದ್ದು ಹೋದ್ರ ಮಂದಿ ಏನಂದಾರು?"

ಯಾವ ಮಂದಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೊಟ್ಟ ಮಾತಿಗಾಗಿ ಉಪವಾಸವಿರುವ ಈ ಹೆಂಗಸಿನ ನಿಷ್ಠೆಯನ್ನು ನೆನೆದು ನನ್ನ ಕಣ್ಣು ತುಂಬಿತು. ಈ ಸಲ ಉಸುಕಲ್ಲ, ಖರೇ ಕಣ್ಣೀರು. ಅವತ್ತಿನ ದಿನಚರಿಯಲ್ಲಿ ಅತ್ತೆಯ ತ್ಯಾಗದ ಬಗ್ಗೆ ಒಂದು ಪುಟ ಬರೆದಿದ್ದೇನೆ. ಅದನ್ನು ಹರಿದು ಹಾಕಬೇಕೆಂದು ಹಲವು ಸಲ ಅನಿಸಿದೆ.

ಹೀಗೆ ರಜೆ ಪೂರ್ತಿಯಾಯಿತು. ಹೊರಡುವ ದಿನ ಅತ್ತೆ ಕೊನೆಯ ಸಲ ನೀರಿಗೆ ಕಾಲು ತೋಯಿಸಿ ಬರಲು ಹೋಗಿದ್ದರು. ಬಸ್ಸಿನ ಹೊತ್ತಾಗುತ್ತಿತ್ತು, ಬುಟ್ಟಿ ಎಲ್ಲಿಯೂ ಕಾಣಲಿಲ್ಲ. ಹುಡುಕಾಡುತ್ತಿದ್ದಾಗ ನಾಗವೇಣಿ ಬೇಲಿಯಿಂದ, "ಹಪ್ಪಳದ ಬುಟ್ಟಿ ಹೌದಾ? ಇಲ್ಲಿದ್ದು, ಬನ್ನಿ" ಎಂದು ಕರೆದಳು. ಅವಳ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹೊಗೆ ಹಿಡಿದು ಕಪ್ಪಾದ ಅಟ್ಟ. ಒಂದು ಬದಿಗೆ ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನಿನ ಗಂಟುಗಳು, ಇನ್ನೊಂದು ಬದಿಗೆ ನಮ್ಮ ಧೋತರ ಹೊದ್ದ ಬುಟ್ಟಿ. ಇಳಿಸಿ ಬಿಚ್ಚಿದೆ. ಅದು ತೀರುವುದಿರಲಿ, ಅರ್ಧಕ್ಕಿಂತ ಕೆಳಗೂ ಇಳಿದಿರಲಿಲ್ಲ.

ನಾನು ಬಾಯಿ ತೆರೆದು ನಿಂತದ್ದನ್ನು ನೋಡಿ ನಾಗವೇಣಿ, "ಖರ್ಚಾಗೂದು ಹೇಗೆ?" ಎಂದಳು. "ನಿಮ್ಮ ಅತ್ತೆಯವರು ದಿನಾ ಮಧ್ಯಾಹ್ನ ಇಲ್ಲೇ ಉಂಡ್ಕಂಡು ಹೋಗ್ತಿದ್ರಲ್ಲ. ಎಷ್ಟು ಮಾತು ಅಂತ್ರಿ ಅವರದ್ದು. ನಗಿಸಿ ನಗಿಸಿ ಹೊಟ್ಟೆ ಹುಣ್ಣು ಮಾಡಿ ಇಟ್ರು. ನಿಮಗೆ ಹೇಳ್ಲಿಲ್ಲ ಹೌದಾ?" ಆಮೇಲೆ ಹೇಳಬಾರದ್ದನ್ನು ಹೇಳಿದೆನೋ ಎಂಬಂತೆ ಬಾಯಿಗೆ ಸೆರಗು ಮುಚ್ಚಿಕೊಂಡಳು.

ಬಸ್ಸು ಘಟ್ಟ ಹತ್ತುವಾಗ ನಮ್ಮವರ ಕಿವಿಯಲ್ಲಿ ಸಂಗತಿ ಹೇಳಿದೆ. ಅವರು ಕೊಡೆಯ ಹಿಡಿಕೆ ತಿರುವುತ್ತ, ಚಹಾದಂಗಡಿಯಲ್ಲಿ ತಾವೂ ದಿನಾ ಬಾಳೆಹಣ್ಣಿನ ಬನ್ಸು ತಿನ್ನುತ್ತಿದ್ದುದಾಗಿಯೂ, ರೊಟ್ಟಿ ಉಳಿಯಲಿ, ನಿನ್ನ ಸಮುದ್ರ ಉಳಿಯಲಿ ಎಂದೇ ಹಾಗೆ ಮಾಡಿದ್ದಾಗಿಯೂ ಒಪ್ಪಿಕೊಂಡರು. ಬನ್ಸು ರುಚಿಯಾಗಿದ್ದವೇ ಎಂದು ಕೇಳಿದೆ. "ಅದು ಬ್ಯಾರೆ ಮಾತು" ಎಂದರು. ಅಂದರೆ ಮೂರು ಜನ, ಒಬ್ಬರಿಗೊಬ್ಬರು ಗೊತ್ತಾಗದಂತೆ, ಒಂದು ಬುಟ್ಟಿ ರೊಟ್ಟಿಯನ್ನು ತಿನ್ನದೆ ಕಾಯ್ದಿದ್ದೆವು. ನಮ್ಮಲ್ಲಿ ಇಷ್ಟವಿಲ್ಲದ ಕುಚ್ಚಿಗೆ ಅನ್ನ ನುಂಗಿದವಳು ನಾನೊಬ್ಬಳೇ. ಮುಂದಿನ ಸೀಟಿನಲ್ಲಿ ಅತ್ತೆ ಈ ಸಲ ತಾವೇ ಕಿಟಕಿಯ ಪಕ್ಕ ಕೂತು, ಬುಟ್ಟಿಯನ್ನು ಕಾಲ ಬುಡದಲ್ಲಿಟ್ಟು, ಹಿಂದೆ ಹಿಂದೆ ತಿರುಗಿ ನೋಡುತ್ತಿದ್ದರು. ಸಮುದ್ರ ಎಂದೋ ಮರೆಯಾಗಿತ್ತು.

ಊರಿಗೆ ಬಂದ ಮೇಲೆ ಭಂಕೂರದ ಹೆಣ್ಣುಮಕ್ಕಳು ಬಂದು, "ಏನ್ ಅವ್ವಾರ, ಸಮುದ್ರಕ್ಕ ಹೋಗಿ ಬಂದ್ರಂತ, ಹ್ಯಾಂಗ ಅದ?" ಎಂದು ಕೇಳಿದರು. "ಏನದ ಅಲ್ಲಿ? ಉಪ್ಪುನೀರು" ಎಂದರು ಅತ್ತೆ. "ಸೊಸಿ ಸಲುವಾಗಿ ಇದ್ದು ಬಂದೆ."

ಈಗ ಅತ್ತೆಗೆ ಎಂಬತ್ತು ದಾಟಿದೆ. ಹಲ್ಲು ಹೋಗಿ ಕಡಕ್ ರೊಟ್ಟಿ ದೂರವಾಗಿದೆ; ನುಚ್ಚು, ಮೆತ್ತನೆಯ ಅನ್ನ. ಲಿಂಗಪೂಜೆ ತಪ್ಪಿಲ್ಲ. ಓಣಿಯಲ್ಲಿ ವಾಸನೆ ಬಂದರೆ ಸೆರಗು ಈಗಲೂ ಮೂಗಿಗೆ ಹೋಗುತ್ತದೆ, ಮೊದಲಿಗಿಂತ ಸ್ವಲ್ಪ ನಿಧಾನವಾಗಿ. ನಾನು ಆ ಮಾತನ್ನು ಎಂದೂ ಎತ್ತಿರಲಿಲ್ಲ. ನನಗೆ ಬಹಳ ಉದಾರ ಮನಸ್ಸಿದೆ, ಯಾರು ಎಲ್ಲಿ ಉಂಡರೇನು ಎಂದು ನನ್ನ ಬಗ್ಗೆ ನಾನೇ ತಿಳಿದುಕೊಂಡಿದ್ದೆ. ತರಗತಿಯಲ್ಲಿಯೂ ಹಾಗೆಯೇ ಪಾಠ ಮಾಡುತ್ತೇನೆ. ಆದರೆ ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಉತ್ತರವೊಂದೇ ಎಂದು ಮೊನ್ನೆ ಗೊತ್ತಾಯಿತು. ಅತ್ತೆಯ ತಲೆ ಬಾಚುತ್ತ, ಬೇರೆ ಏನೋ ಮಾತಿನ ನಡುವೆ, ಆದಷ್ಟು ಸಹಜವಾದ ದನಿಯಲ್ಲಿ ಕೇಳಿಯೇಬಿಟ್ಟೆ. ಅತ್ತೆ ಬಾಗಿಲಿನಾಚೆಯ ಬಿಸಿಲನ್ನು ನೋಡುತ್ತ ಕೂತರು. ಬಾಚಿ ಮುಗಿಯಿತು, ತುರುಬು ಕಟ್ಟಿಯಾಯಿತು, ಇನ್ನೂ ನೋಡುತ್ತಲೇ ಇದ್ದರು. ಕಿವಿ ಮಂದವಾಗಿದೆಯೆಂದು ಇನ್ನೊಮ್ಮೆ, ಗಟ್ಟಿಯಾಗಿ, ಪಕ್ಕದ ಮನೆಯವರಿಗೂ ಕೇಳುವಂತೆ ಕೇಳಿದೆ:

"ಅತ್ತಿ, ನಾಗವೇಣಿ ಮನ್ಯಾಗ ನೀವು ದಿನಾ ಏನ್ ಉಣ್ತಿದ್ರಿ?"